ವೈರಿಂಗ್ ಹೊಸದು, ಟ್ರ್ಯಾಕ್ಟರ್ ಮಾತ್ರ ಮಿಸುಕಲಿಲ್ಲ

ನಮ್ಮೂರು ಮಂಗಳೂರು. ಕಡಲ ದಂಡೆಯ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಎರೆ ಹೊಲದ ಮಂಗಳೂರು. ಇಲ್ಲಿ ಹಿಂಗಾರಿ ಅಂದರೆ ಬಿಳಿಜೋಳ, ಕಡಲೆ. ಮಳೆ ಬಿದ್ದು ಹೊಲ ಕಾಲಿಡುವಷ್ಟು ಆರಿದ ಮೇಲೆ ಬಿತ್ತಲು ಸಿಗುವುದು ಕೆಲವೇ ದಿನ. ಹಸಿ ಕೆಳಗಿಳಿದರೆ ಬೀಜ ಹುಟ್ಟುವುದಿಲ್ಲ. ಆ ದಿನಗಳಲ್ಲಿ ಟ್ರ್ಯಾಕ್ಟರ್ ನಿಂತರೆ ವರ್ಷವೇ ನಿಂತ ಹಾಗೆ.

ಹೋದ ಹಿಂಗಾರಿಗೆ ನನಗೆ ಹಾಗೇ ಆಯಿತು. ಬೇಸಿಗೆಯಲ್ಲಿ ನಿಂತಿದ್ದ ಹಳೇ ಟ್ರ್ಯಾಕ್ಟರಿನ ವೈರುಗಳನ್ನು ಇಲಿ ಕಡಿದಿದ್ದವು. ಮಿಸ್ತ್ರಿಯನ್ನು ಕರೆಸಿ ಪೂರಾ ವೈರಿಂಗ್ ಹೊಸದು ಮಾಡಿಸಿದೆ. ಚಂದ ಕಾಣಲಿ ಅಂತ ಬ್ಯಾಟರಿ ಕೂಡುವ ಕಬ್ಬಿಣದ ಪಟ್ಟಿಗೂ ಬಣ್ಣ ಹೊಡೆಸಿದೆ. ದೀಪ ಹತ್ತಿದವು, ಹಾರ್ನ್ ಆಯಿತು, ಮಿಸ್ತ್ರಿ ದುಡ್ಡು ತಗೊಂಡು ಹೋದ. ಅವತ್ತೇ ಇಂಜಿನ್ ಚಾಲೂ ಮಾಡಿ ನೋಡಲಿಲ್ಲ. ಅದು ನನ್ನ ತಪ್ಪು.

ಹಸ್ತ ಮಳೆ ಆಯಿತು, ಹದ ಬಂತು. ಚಾವಿ ತಿರುವಿದರೆ 'ಟಕ್' ಅಂತ ಒಂದು ಸಪ್ಪಳ. ದೀಪ ಸಣ್ಣಗಾಗಿ ಆರಿದವು. ಅಷ್ಟೇ. ಬ್ಯಾಟರಿ ಇಳಿದಿದೆ ಅಂತ ಒಂದು ದಿನ ಚಾರ್ಜಿಗೆ ಹಾಕಿಸಿದೆ. ಮತ್ತೆ 'ಟಕ್'. ಸೆಲ್ಫ್ ಮೋಟರ್ ಹೋಗಿದೆ, ಹೊಸದು ಹಾಕಬೇಕು ಅಂದರು. ಬಿಚ್ಚಿ ಒಯ್ದು ಅಂಗಡಿಯಲ್ಲಿ ಕರೆಂಟ್ ಕೊಟ್ಟು ನೋಡಿದರೆ ಗರಗರ ತಿರುಗಿತು! ತಂದು ಕೂಡಿಸಿದರೆ ಮತ್ತೆ ಅದೇ ಸಪ್ಪಳ. ಎರಡು ದಿನ ಹೋದವು.

ಮೂರನೇ ದಿನ ಮಗ ಕೇಳಿದ: "ಅಪ್ಪಾ, ಇಲಿ ಕಡಿಯೂದಕ್ಕಿಂತ ಮೊದ್ಲ ಚಲೋನ ಚಾಲೂ ಆಗ್ತಿತ್ತಲ್ಲ. ಆಮ್ಯಾಲೆ ನಾವು ಮುಟ್ಟಿದ್ದು ಏನೇನು?"

ಆ ಮಾತು ನನ್ನ ಕಣ್ಣು ತೆರೆಸಿತು. ಇಂಜಿನ್ ಮುಟ್ಟಿರಲಿಲ್ಲ, ಸೆಲ್ಫ್ ಮುಟ್ಟಿರಲಿಲ್ಲ. ಮುಟ್ಟಿದ್ದು ವೈರು ಮತ್ತು ಬಣ್ಣ. ಗೇರ್ ನ್ಯೂಟ್ರಲ್ ಮಾಡಿ, ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿನ ಬರಿಗಬ್ಬಿಣದ ಬೋಲ್ಟಿಗೆ ಒಂದು ದಪ್ಪ ಜಂಪರ್ ಕೇಬಲ್ ಹಚ್ಚಿದೆವು. ಚಾವಿ ತಿರುವಿದ ತಕ್ಷಣ ಇಂಜಿನ್ ಎದ್ದಿತು. ಮೈನಸ್ ಕೇಬಲ್ ಕೂಡುವ ಬೋಲ್ಟ್ ಬಿಚ್ಚಿ ನೋಡಿದರೆ, ಅದರ ತುದಿ ಹೊಸ ಬಣ್ಣದ ಮೇಲೆ ಕೂತಿದೆ. ಪಾಲಿಶ್ ಪೇಪರಿನಿಂದ ಕಬ್ಬಿಣ ಹೊಳೆಯುವವರೆಗೆ ತಿಕ್ಕಿ ಬಿಗಿದೆವು. ಖರ್ಚು ಏನೂ ಇಲ್ಲ.

ಹಾಗಾದರೆ ದೀಪ ಹೇಗೆ ಹತ್ತಿದವು? ದೊಡ್ಡ ದೀಪವೊಂದಕ್ಕೆ ನಾಲ್ಕೈದು ಆಂಪಿಯರ್ ಸಾಕು. ಸೆಲ್ಫ್ ಇಂಜಿನ್ ತಿರುಗಿಸಲು ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಪ್ಲಸ್ ಕೇಬಲಿನಿಂದ ಹೋಗಿ, ಇಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ ಮರಳಬೇಕು. ಈ ಮರಳುವ ದಾರಿಗೇ ಅರ್ಥ್ ಅನ್ನುವುದು. ಕಟ್ಟಿಕೊಂಡ ಪೈಪಿನ ಸಣ್ಣ ಧಾರೆಯಲ್ಲಿ ತಂಬಿಗೆ ತುಂಬಬಹುದು, ಹೊಲ ತೋಯಿಸಲಾಗದು. ಇದೂ ಹಾಗೆಯೇ. ದೀಪ ಹತ್ತಿತು ಅಂದರೆ ವೈರಿಂಗ್ ಸರಿ ಇದೆ ಅಂತ ಅಲ್ಲ.

ವೈರಿಂಗ್ ಆದ ಮೇಲೆ ಗಾಡಿ ಚಾಲೂ ಆಗದಿದ್ದರೆ ಹೀಗೆ ನೋಡಿ:

1. ದೀಪವೂ ಇಲ್ಲ, ಸಪ್ಪಳವೂ ಇಲ್ಲ: ಬ್ಯಾಟರಿ ಟರ್ಮಿನಲ್, ದೊಡ್ಡ ಫ್ಯೂಸ್, ಚಾವಿಗೆ ಬರುವ ವೈರ್ ನೋಡಿ.

2. ದೀಪ ಚೆನ್ನಾಗಿದೆ, 'ಟಕ್' ಸಪ್ಪಳವೇ ಇಲ್ಲ: ಚಾವಿಯಿಂದ ಸೆಲ್ಫಿನ ಸೊಲನಾಯ್ಡ್‌ಗೆ ಹೋಗುವ ಸಣ್ಣ ವೈರಿಗೆ ಕರೆಂಟ್ ಬರುತ್ತಿಲ್ಲ. ಕ್ಲಚ್ ಅಥವಾ ಗೇರಿನ ಹತ್ತಿರ ಒಂದು ಸೇಫ್ಟಿ ಸ್ವಿಚ್ ಇರುತ್ತದೆ. ಅದರ ಜೋಡಣೆ ಮರೆತಿರಬಹುದು. ಒಬ್ಬರು ಚಾವಿ ತಿರುವಿ ಹಿಡಿದಾಗ 12 ವೋಲ್ಟಿನ ಬಲ್ಬಿಗೆ ಎರಡು ವೈರ್ ಕಟ್ಟಿ ಪರೀಕ್ಷೆ ಮಾಡಿ.

3. 'ಟಕ್' ಅಂದು ದೀಪ ಆರುತ್ತದೆ: ಬ್ಯಾಟರಿ ಇಲ್ಲವೇ ದಪ್ಪ ಕೇಬಲಿನ ದೋಷ. ಮೀಟರನ್ನು ಬ್ಯಾಟರಿಯ ಎರಡು ಕಂಬಕ್ಕೇ ಹಿಡಿಯಿರಿ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಚಾವಿ ತಿರುವಿದಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಸೋತಿದೆ. 12ರ ಹತ್ತಿರವೇ ನಿಂತರೆ ದಾರಿ ಕಟ್ಟಿದೆ. ಆಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಚಾವಿ ತಿರುವಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ.

4. 'ಟಕ್' ಅನ್ನುತ್ತದೆ, ದೀಪ ಮಾತ್ರ ಹಾಗೇ ಉರಿಯುತ್ತದೆ: ಈಗ ಸೆಲ್ಫ್ ಮೇಲೆ ಅನುಮಾನ ಪಡಿ.

5. ಸೆಲ್ಫ್ ಜೋರಾಗಿ ತಿರುಗಿಸುತ್ತದೆ, ಇಂಜಿನ್ ಹಿಡಿಯುವುದಿಲ್ಲ: ಹಳೇ ಡೀಸೆಲ್ ಇಂಜಿನ್ ಉರಿಯಲು ಕರೆಂಟ್ ಬೇಡ. ಸ್ಟಾಪ್ ಗುಂಡಿ ಎಳೆದೇ ಇದೆಯೇ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಿ. ಚಾವಿಯಿಂದಲೇ ಬಂದಾಗುವ ಇಂಜಿನ್ ಆದರೆ ಡೀಸೆಲ್ ಬಿಡುವ ಸೊಲನಾಯ್ಡ್‌ನ ವೈರ್ ಬಿಟ್ಟಿರಬಹುದು.

ಕಡಲ ಮಂಗಳೂರಿನ ಕಡೆ ಡೀಸೆಲ್ ದೋಣಿ ಇಟ್ಟವರಿಗೂ ಈ ಪಾಠವೇ. ಅಲ್ಲಿ ಉಪ್ಪು ಗಾಳಿಗೆ ತಾಮ್ರ ಹಸಿರಾಗುತ್ತದೆ, ಇಲ್ಲಿ ಬಣ್ಣ ಅಡ್ಡ ಬಂತು. ನಡುನೀರಲ್ಲಿ ಇಂಜಿನ್ ನಿಂತರೆ ಅವರಿಗೆ ಹೋಗುವುದು ಬೆಳೆಯಲ್ಲ, ಜೀವ.

ಜೀವದ ಮಾತು ನಮಗೂ ಇದೆ. ಸೆಲ್ಫಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಾಲೂ ಮಾಡುವ ರೂಢಿ ಹಳ್ಳಿಯಲ್ಲಿದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತವನ ಮೇಲೇ ಹಾಯುತ್ತದೆ. ಆ ರೂಢಿ ಬಿಡಿ. ಕೇಬಲ್ ಬಿಚ್ಚುವಾಗ ಮೊದಲು ಮೈನಸ್ ಬಿಚ್ಚಿ, ಕೂಡಿಸುವಾಗ ಕೊನೆಗೆ ಮೈನಸ್ ಹಾಕಿ. ಬ್ಯಾಟರಿ ಹತ್ತಿರ ಬೀಡಿ ಬೇಡ. ಕೆಟ್ಟ ಅರ್ಥ್ ಇಟ್ಟುಕೊಂಡು ಮತ್ತೆ ಮತ್ತೆ ಚಾವಿ ತಿರುವಬೇಡಿ. ಕರೆಂಟ್ ಬೇರೆ ದಾರಿ ಹುಡುಕಿ ಸಣ್ಣ ವೈರ್ ಸುಡುತ್ತದೆ.

ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಒಂದೊಂದಕ್ಕೂ ಚೀಟಿ ಕಟ್ಟಿ. ಮಿಸ್ತ್ರಿ ಹೋಗುವ ಮೊದಲು ಇಂಜಿನ್ ಮೂರು ಸಲ ಚಾಲೂ ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಮೂರನೇ ದಿನ ಮಧ್ಯಾಹ್ನ ಬಿತ್ತಿದೆವು. ತಗ್ಗಿನ ಹೊಲ ಚೆನ್ನಾಗಿ ಹುಟ್ಟಿತು. ದಿನ್ನೆಯ ಎರಡು ಎಕರೆಯಲ್ಲಿ ಹಸಿ ಆಗಲೇ ಇಳಿದಿತ್ತು, ಕಡಲೆ ಅಲ್ಲೊಂದು ಇಲ್ಲೊಂದು ಎದ್ದಿತು. ಒಂದು ಬೋಲ್ಟಿನ ಕೆಳಗಿನ ಬಣ್ಣಕ್ಕೆ ನಾನು ಕೊಟ್ಟ ಬೆಲೆ ಅದು.