ಕೋಳಿಯಲ್ಲಿ ಸಿಕ್ಕ ವಂಶವಾಹಿ ಮತ್ತು ಬಾಯಿಯ ಕ್ಯಾನ್ಸರ್



ಯಾರಿಗಾದರೂ ಬಾಯಿಯ ಕ್ಯಾನ್ಸರ್ ಆಯಿತೆಂದರೆ, ‘ಅದು ಅವರ ಮನೆತನಕ್ಕೇ ಅಂಟಿದ್ದು’ ಎಂಬ ಮಾತು ಕೇಳಿಬರುತ್ತದೆ. ಹಾಗೆಂದು ಕೈಚೆಲ್ಲಿ ಕೂತರೆ ರೋಗ ಬೆಳೆಯುತ್ತದೆ. ಆದ್ದರಿಂದ ಈ ಸಲ ಕ್ಯಾನ್ಸರಿಗೆ ಸಂಬಂಧಪಟ್ಟ ಒಂದು ವಂಶವಾಹಿಯ ವಿಷಯ ತಿಳಿದುಕೊಳ್ಳೋಣ.

ಇದು ಮೊದಲು ಸಿಕ್ಕಿದ್ದು ಕೋಳಿಯಲ್ಲಿ. ಕೋಳಿಗಳಿಗೆ ಲ್ಯೂಕೋಸಿಸ್ ಎಂಬ ವೈರಾಣು ರೋಗವುಂಟು. ಪಿತ್ತಜನಕಾಂಗ ಊದಿಕೊಂಡು, ಒಳಗೆ ಗಡ್ಡೆಗಳಾಗಿ ಕೋಳಿ ಸಾಯುತ್ತದೆ. 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ಗಡ್ಡೆಗಳನ್ನು ಪರೀಕ್ಷಿಸಿದಾಗ, ಹಲವು ಗಡ್ಡೆಗಳಲ್ಲಿ ವೈರಾಣು ಒಂದೇ ಜಾಗಕ್ಕೆ ಹೊಕ್ಕಿರುವುದು ಕಂಡಿತು. ಅಲ್ಲಿದ್ದ ವಂಶವಾಹಿಗೆ ‘ಬಿಕ್’ ಎಂದು ಹೆಸರಿಟ್ಟರು. (ಕೋಳಿ ತಿಂದರೆ ಕ್ಯಾನ್ಸರ್ ಬರುತ್ತದೆಂದು ಯಾರೂ ಹೆದರಬೇಕಾಗಿಲ್ಲ.) ಮನುಷ್ಯರಲ್ಲಿ ಇದು 21ನೆಯ ವರ್ಣತಂತುವಿನಲ್ಲಿದೆ. ಈಗಿನ ಹೆಸರು ‘ಎಂಐಆರ್ 155 ಎಚ್‌ಜಿ’.

ಸಾಮಾನ್ಯವಾಗಿ ವಂಶವಾಹಿಯ ಕೆಲಸ ಪ್ರೋಟೀನು ಮಾಡಿಸುವುದು. ಇದರ ಕೆಲಸ ಬೇರೆ. ಇದರಿಂದ ಆರ್‌ಎನ್‌ಎಯ ಒಂದು ಉದ್ದನೆಯ ಎಳೆ ಹೊರಡುತ್ತದೆ. ತೊಗರಿ ಕಾಯಿ ಸುಲಿದು ಕಾಳು ತೆಗೆದಂತೆ, ಜೀವಕೋಶವು ಆ ಎಳೆಯನ್ನು ಕತ್ತರಿಸಿ ಸುಮಾರು 22 ಅಕ್ಷರಗಳ ಒಂದು ತುಣುಕನ್ನು ತೆಗೆಯುತ್ತದೆ. ಇಂಥ ತುಣುಕಿಗೆ ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ. (ಇವುಗಳನ್ನು ಮೊದಲು ಕಂಡುಹಿಡಿದ ಆಂಬ್ರೋಸ್ ಮತ್ತು ರವ್ಕುನ್ ಎಂಬವರಿಗೆ 2024ರಲ್ಲಿ ನೊಬೆಲ್ ಬಹುಮಾನ ಬಂದಿತು.) ಈ ತುಣುಕು ಬೇರೆ ವಂಶವಾಹಿಗಳ ಬಾಯಿ ಮುಚ್ಚಿಸುತ್ತದೆ. ಹಿತಮಿತವಾಗಿದ್ದರೆ ರೋಗನಿರೋಧಕ ಶಕ್ತಿಗೆ ಅದು ಬೇಕೇ ಬೇಕು. ಮಿತಿ ಮೀರಿದರೆ ಕಾವಲುಗಾರನ ಬಾಯಿಯನ್ನೂ ಮುಚ್ಚಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕಂಡದ್ದೂ ಇದೇ. ಬಾಯಿಯ ಕ್ಯಾನ್ಸರ್ ಆದ ಕೆಲವು ರೋಗಿಗಳ ಗಡ್ಡೆಯಲ್ಲಿ ಈ 155ನೆಯ ತುಣುಕು ವಿಪರೀತ ಹೆಚ್ಚಿತ್ತು. ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ‘ಸಿಡಿಸಿ 73’ ಎಂಬ ಕಾವಲು ವಂಶವಾಹಿ ಅಡಗಿಹೋಗಿತ್ತು. ಇಲಿಗಳಲ್ಲಿ ಬೆಳೆಸಿದ ಗಡ್ಡೆಗೆ ಆ ತುಣುಕನ್ನು ತಡೆಯುವ ಮದ್ದು ಕೊಟ್ಟಾಗ ಗಡ್ಡೆ ಕುಗ್ಗಿತು. ಆದರೆ ಅದು ಇಲಿಗಳ ಮಾತು. ಬಾಯಿಯ ಕ್ಯಾನ್ಸರಿಗೆ ಇಂಥ ಮದ್ದು ಆಸ್ಪತ್ರೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲ.

‘ವಂಶವಾಹಿ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಈ ಏರುಪೇರು ಗಡ್ಡೆಯ ಜೀವಕೋಶಗಳಲ್ಲಿ ಆದದ್ದು. ಅದು ತಂದೆಯಿಂದ ಮಕ್ಕಳಿಗೆ ಬರುವ ಆಸ್ತಿಯಲ್ಲ. ರೋಗಿಯ ಮನೆಯ ಹೆಣ್ಣನ್ನು ತರಲು ಹಿಂಜರಿಯುವುದು ಶುದ್ಧ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಒಂದೇ ಮನೆಯಲ್ಲಿ ಇಬ್ಬರಿಗೆ ಈ ರೋಗ ಬಂದಿದ್ದರೆ, ಮೊದಲು ಅವರ ಸಂಚಿಯಲ್ಲಿ ಏನಿತ್ತೆಂದು ನೋಡಬೇಕು. ತಂಬಾಕು-ಸುಣ್ಣ, ಮಾವಾ, ಗುಟ್ಕಾ, ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ, ಇವೆಲ್ಲ ಬಾಯಿಯ ಕ್ಯಾನ್ಸರಿಗೆ ಕಾರಣಗಳೇ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾಯಿತು, ಚಟ ಹೋಗಲಿಲ್ಲ.

ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. ವಂಶವಾಹಿ ಪರೀಕ್ಷೆಗೆಂದು ಹಣ ಸುರಿಯುವುದು ಬೇಡ. ಹುಣ್ಣಿನ ಚೂರು ತೆಗೆದು ನೋಡುವ ಬಯಾಪ್ಸಿಯಿಂದಲೇ ರೋಗ ತಿಳಿಯುತ್ತದೆ. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಅಲ್ಲಿಂದ 1987ರಲ್ಲಿ ಕಾರ್ಯಕರ್ತರು ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳಿಗೆ ಹೋಗಿ ಕ್ಯಾನ್ಸರಿನ ಲಕ್ಷಣಗಳನ್ನು ತಿಳಿಸತೊಡಗಿದರು. ಮುಂದೆ ಅಲ್ಲಿನ ಹೆಂಗಸರು ಗರ್ಭಕೊರಳಿನ ಕ್ಯಾನ್ಸರ್ ಆರಂಭದಲ್ಲಿರುವಾಗಲೇ ಆಸ್ಪತ್ರೆಗೆ ಬರುವುದು ಹೆಚ್ಚಿತು.