ರೋಮನರ ಜಲನಾಲೆಗಳು: ಕಟ್ಟಿದ ಕಲೆ, ಕಾಯ್ದ ಕ್ರಮ

ಪ್ರಾಚೀನ ರೋಮ್ ಜಗತ್ತಿಗೆ ಏನನ್ನು ಬಿಟ್ಟುಹೋಯಿತೆಂದು ಕೇಳಿದರೆ, ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾನೂನು, ರಸ್ತೆ, ಕಮಾನು, ಕಾಂಕ್ರೀಟು ಎಂದು ಥಟ್ಟನೆ ಹೇಳಬಲ್ಲನು. ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಚಿತ್ರಗಳೂ ಇದನ್ನೇ ಸಾರುತ್ತವೆ: ಸಾಲುಸಾಲಾಗಿ ನಿಂತ ಕಮಾನುಗಳು, ಅವುಗಳ ನೆತ್ತಿಯ ಮೇಲೆ ಎಂದೋ ಹರಿದು ಬತ್ತಿದ ನೀರಿನ ಹಾದಿ. ಆದರೆ ಚಿತ್ರದಲ್ಲಿ ಕಾಣದ ಸಂಗತಿಯೊಂದುಂಟು. ಆ ನೀರು ಶತಮಾನಗಳ ಕಾಲ ಹರಿಯಬೇಕಾಗಿದ್ದರೆ ಅದನ್ನು ದಿನವೂ ಕಾಯುವ ಜನರು, ಅವರ ವೆಚ್ಚಕ್ಕೆ ಗೊತ್ತಾದ ಹಣ, ಅವರ ಮೇಲೊಬ್ಬ ಹೊಣೆಗಾರ ಅಧಿಕಾರಿ, ಅವನ ಕೈಯಲ್ಲಿ ಲೆಕ್ಕದ ಕಡತ, ಇಷ್ಟೂ ಬೇಕಾಗಿದ್ದವು. ಇಂದಿನ ನಗರಗಳು ರೋಮ್‌ನಿಂದ ಪಡೆದ ಬಳುವಳಿಯಲ್ಲಿ ಈ ಕಾಯುವ ಕ್ರಮವೇ ಹೆಚ್ಚು ಬೆಲೆಯುಳ್ಳದ್ದು ಎಂಬುದನ್ನು ಆ ನಗರದ ಜಲನಾಲೆಗಳ ಇತಿಹಾಸದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಳಿಜಾರಿನ ಲೆಕ್ಕ

ರೋಮ್ ನಗರಕ್ಕೆ ಮೊದಲ ಜಲನಾಲೆಯನ್ನು ತಂದವನು ಆಪಿಯಸ್ ಕ್ಲಾಡಿಯಸ್. ಕಾಲ ಕ್ರಿ.ಪೂ. 312. ಪ್ರಸಿದ್ಧವಾದ ಆಪಿಯನ್ ಹೆದ್ದಾರಿಯನ್ನು ಆರಂಭಿಸಿದವನೂ ಅವನೇ, ಅದೂ ಅದೇ ವರ್ಷ. ಸುಮಾರು 16 ಕಿಲೋಮೀಟರ್ ಉದ್ದದ ಆ ನಾಲೆಯು ಬಹುಪಾಲು ನೆಲದಡಿಯಲ್ಲಿಯೇ ಸಾಗುತ್ತಿತ್ತು. ಕ್ರಿ.ಪೂ. 144ರಲ್ಲಿ ಕೈಗೊಂಡ ಮಾರ್ಸಿಯಾ ನಾಲೆಯ ಉದ್ದ ಸುಮಾರು 91 ಕಿಲೋಮೀಟರ್. ಅದರಲ್ಲಿ ಕಮಾನುಗಳ ಮೇಲೆ ಹಾದುಹೋದದ್ದು ಹತ್ತು ಕಿಲೋಮೀಟರಿನಷ್ಟು ಮಾತ್ರ. ಕಣ್ಸೆಳೆಯುವ ಕಮಾನುಗಳು ಇಡೀ ಕಾಮಗಾರಿಯ ಸಣ್ಣ ಭಾಗವೆಂಬುದನ್ನು ಇದರಿಂದ ಊಹಿಸಬಹುದು. ಕ್ರಿ.ಶ. 226ರ ವೇಳೆಗೆ ನಗರಕ್ಕೆ ಹನ್ನೊಂದು ನಾಲೆಗಳು ನೀರುಣಿಸುತ್ತಿದ್ದವು.

ಈ ನಾಲೆಗಳಲ್ಲಿ ಯಂತ್ರವಿಲ್ಲ, ಪಂಪಿಲ್ಲ. ನೀರು ತನ್ನ ಭಾರದಿಂದಲೇ ಇಳಿದು ಬರಬೇಕು. ಇಳಿಜಾರು ಹೆಚ್ಚಾದರೆ ರಭಸಕ್ಕೆ ನಾಲೆಯ ಒಳಗಿಲಾವು ಕಿತ್ತುಹೋಗುವುದು. ಕಡಮೆಯಾದರೆ ಹೂಳು ನಿಲ್ಲುವುದು. ಈಗಿನ ಫ್ರಾನ್ಸ್ ದೇಶದ ನೀಮ್ ನಗರಕ್ಕೆ ರೋಮನರು ತಂದ ನಾಲೆಯು ಸುಮಾರು 50 ಕಿಲೋಮೀಟರ್ ಉದ್ದವಿದ್ದು, ಅಷ್ಟು ದೂರಕ್ಕೂ ಅದು ಇಳಿಯುವುದು ಹನ್ನೆರಡೂವರೆ ಮೀಟರಿನಷ್ಟು ಮಾತ್ರ. ಎಂದರೆ ಸರಾಸರಿ ನಾಲ್ಕು ಸಾವಿರಕ್ಕೆ ಒಂದರ ಇಳಿತ. ಉಪಾಧ್ಯಾಯರು ಇದನ್ನು ಗಣಿತದ ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದು: ಹತ್ತು ಮೀಟರ್ ಉದ್ದದ ಕೊಠಡಿಯ ನೆಲವು ಒಂದು ಗೋಡೆಯಿಂದ ಎದುರು ಗೋಡೆಗೆ ಎರಡೂವರೆ ಮಿಲಿಮೀಟರ್ ಮಾತ್ರ ತಗ್ಗಿದರೆ ಎಷ್ಟೋ ಅಷ್ಟು. ಗಾರ್ ನದಿಯನ್ನು ದಾಟಲು ಈ ನಾಲೆಗೆ ಕಟ್ಟಿದ ಮೂರಂತಸ್ತಿನ ಕಮಾನು ಸೇತುವೆಯು ಸುಮಾರು 49 ಮೀಟರ್ ಎತ್ತರವಿದ್ದು ಇಂದಿಗೂ ನಿಂತಿದೆ.

ಇಂತಹ ಸೂಕ್ಷ್ಮವಾದ ಮಟ್ಟವನ್ನು ಹಿಡಿಯಲು ರೋಮನರಲ್ಲಿದ್ದ ಸಾಧನಗಳು ಬಹಳ ಸರಳ. ವಿಟ್ರುವಿಯಸ್ ತನ್ನ ಗ್ರಂಥದಲ್ಲಿ ವರ್ಣಿಸಿರುವ ಕೊರೋಬೇಟಿಸ್ ಎಂಬುದು ಇಪ್ಪತ್ತು ಅಡಿ ಉದ್ದದ ಮರದ ಹಲಗೆ. ಅದಕ್ಕೆ ತೂಗುಗುಂಡಿನ ದಾರಗಳು, ಗಾಳಿ ಬೀಸುವಾಗ ಮಟ್ಟ ನೋಡಲು ಮೇಲ್ಗಡೆ ನೀರು ತುಂಬುವ ತೋಡು. ಉಪಕರಣದ ಕೊರತೆಯನ್ನು ಅವರು ಮತ್ತೆ ಮತ್ತೆ ಅಳೆಯುವ ತಾಳ್ಮೆಯಿಂದ ತುಂಬಿಕೊಂಡರು.

ಗಾರೆಯ ಗುಣ

ನಾಲೆಯು ಸೋರದಂತೆ ಮಾಡಲು ಸುಣ್ಣಕ್ಕೆ ಹೆಂಚು ಇಟ್ಟಿಗೆಗಳ ಪುಡಿಯನ್ನು ಬೆರೆಸಿ ಗಿಲಾವು ಮಾಡುತ್ತಿದ್ದರು. ಬಂದರುಗಳಲ್ಲಿಯೂ ದೊಡ್ಡ ಕಟ್ಟಡಗಳಲ್ಲಿಯೂ ನೇಪಲ್ಸ್ ಕೊಲ್ಲಿಯ ಸುತ್ತಲಿನ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಡನೆ ಕಲಸುತ್ತಿದ್ದರು. ಈ ಗಾರೆಯು ನೀರಿನೊಳಗೂ ಗಟ್ಟಿಯಾಗುವುದು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದ ಪ್ಯಾಂಥಿಯನ್ ದೇವಾಲಯದ 43 ಮೀಟರ್ ವ್ಯಾಸದ ಗುಮ್ಮಟವು ಒಂದು ಉಕ್ಕಿನ ಸರಳೂ ಇಲ್ಲದೆ ಇಂದಿಗೂ ನಿಂತಿರುವುದು ಇಂತಹ ಗಾರೆಯ ಕಾಂಕ್ರೀಟಿನಿಂದಲೇ.

ಸುಟ್ಟ ಇಟ್ಟಿಗೆಯ ಪುಡಿ ಬೆರೆತ ಗಾರೆ ನಮ್ಮವರಿಗೆ ಹೊಸದಲ್ಲ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಸಿಮೆಂಟಿಗೆ ಬದಲಾಗಿ ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು. ಇದರಿಂದ ನಮ್ಮ ಗಾರೆಯು ರೋಮ್‌ನಿಂದ ಬಂದಿತೆಂದು ಹೇಳಲಾಗದು. ಎರಡರಲ್ಲಿಯೂ ನಡೆಯುವ ರಸಾಯನಕ್ರಿಯೆ ಒಂದೇ ಬಗೆಯದು ಎಂದಷ್ಟೇ ಹೇಳಬಹುದು.

ಯೂರೋಪಿನಲ್ಲಿ ಮಾತ್ರ ಸಂಬಂಧವು ನೇರವಾಗಿದೆ. ಜಾನ್ ಸ್ಮೀಟನ್ ಎಂಬ ಆಂಗ್ಲ ಇಂಜಿನಿಯರನು ಸಮುದ್ರದ ಬಂಡೆಯ ಮೇಲೆ ಎಡಿಸ್ಟೋನ್ ದೀಪಸ್ತಂಭವನ್ನು ಕಟ್ಟುವಾಗ ಇಟಲಿಯಿಂದ ಈ ಬೂದಿಯನ್ನು ತರಿಸಿಕೊಂಡನು. ಜೇಡಿಯ ಅಂಶವುಳ್ಳ ಸುಣ್ಣಕಲ್ಲು ನೀರಿನಲ್ಲಿ ಗಟ್ಟಿಯಾಗುವುದೆಂದು ಪ್ರಯೋಗಗಳಿಂದ ಕಂಡುಕೊಂಡನು. 1759ರಲ್ಲಿ ದೀಪಸ್ತಂಭ ಪೂರ್ಣವಾಯಿತು. ಆ ಹಾದಿಯಲ್ಲಿ ಮುಂದುವರಿದ ಶೋಧನೆಗಳ ಸಾಲಿನಲ್ಲಿಯೇ 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು.

2023ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಅಡ್ಮಿರ್ ಮಾಸಿಕ್ ಮತ್ತು ಅವರ ಸಂಗಡಿಗರು ರೋಮನ್ ಕಾಂಕ್ರೀಟಿನಲ್ಲಿ ಕಾಣುವ ಬಿಳಿಯ ಸುಣ್ಣದ ಹರಳುಗಳನ್ನು ಪರೀಕ್ಷಿಸಿ, ಬಿರುಕಿನೊಳಗೆ ನೀರು ಇಳಿದಾಗ ಈ ಸುಣ್ಣವು ಕರಗಿ ಬಿರುಕನ್ನು ತುಂಬಬಲ್ಲುದೆಂದು ತೋರಿಸಿದರು. ಇದನ್ನು ಕೇಳಿ ಹಳೆಯದೆಲ್ಲ ಹೊಸದಕ್ಕಿಂತ ಮೇಲೆಂದು ತೀರ್ಮಾನಿಸುವುದು ಸಲ್ಲದು. ಬಿದ್ದುಹೋದ ರೋಮನ್ ಕಟ್ಟಡಗಳು ಇಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಉಳಿದವು ಮಾತ್ರ ಬೀಳುತ್ತವೆ. ಉಕ್ಕಿಲ್ಲದ ಕಾಂಕ್ರೀಟು ತುಕ್ಕು ಹಿಡಿಯುವುದಿಲ್ಲ ನಿಜ; ಆದರೆ ಎಳೆತವನ್ನು ತಾಳುವ ಶಕ್ತಿಯೂ ಅದಕ್ಕೆ ಕಡಮೆ. ಇಂದಿನ ಉದ್ದನೆಯ ತೊಲೆಗಳನ್ನು ಅದರಿಂದ ಮಾಡಲಾಗದು.

ಒಂದೇ ದ್ವಾರದ ಮೇಲೆ ಮೂರು ಶಾಸನಗಳು

ಸ್ವತಃ ರೋಮನರ ಕಟ್ಟಡಗಳೇ ಕೆಡುತ್ತಿದ್ದವೆಂಬುದಕ್ಕೆ ಕಲ್ಲಿನ ಸಾಕ್ಷ್ಯವಿದೆ. ರೋಮ್ ನಗರದ ಪೋರ್ತಾ ಮಜ್ಜೋರೆ ಎಂಬ ದ್ವಾರದ ನೆತ್ತಿಯ ಮೇಲೆ ಕ್ಲಾಡಿಯಾ ಮತ್ತು ಹೊಸ ಆನಿಯೋ ಎಂಬೆರಡು ನಾಲೆಗಳು ಒಂದರ ಮೇಲೊಂದು ಹಾದುಹೋಗುತ್ತಿದ್ದವು. ಅಲ್ಲಿ ಮೂರು ಶಾಸನಗಳು ಒಂದರ ಕೆಳಗೊಂದು ಕೊರೆಯಲ್ಪಟ್ಟಿವೆ. ಮೊದಲನೆಯದು ಕ್ಲಾಡಿಯಸ್ ಚಕ್ರವರ್ತಿಯದು. ಕ್ರಿ.ಶ. 52ರಲ್ಲಿ ತನ್ನ ಸ್ವಂತ ವೆಚ್ಚದಿಂದ ಈ ನಾಲೆಗಳನ್ನು ತಂದುದಾಗಿ ಅದರಲ್ಲಿ ಹೇಳಿದ್ದಾನೆ. ಎರಡನೆಯದು ಕ್ರಿ.ಶ. 71ರ ವೆಸ್ಪೇಸಿಯನ್ನನ ಶಾಸನ. ಕ್ಲಾಡಿಯಸ್ ತಂದ ನೀರು ಒಂಬತ್ತು ವರ್ಷಗಳ ಕಾಲ ನಿಂತುಹೋಗಿದ್ದು, ತಾನು ಅದನ್ನು ಮತ್ತೆ ಹರಿಸಿದೆನೆಂದು ಅವನು ಬರೆಸಿದ್ದಾನೆ. ಮೂರನೆಯದು ಅವನ ಮಗ ಟೈಟಸ್ ಕ್ರಿ.ಶ. 81ರಲ್ಲಿ ಹಾಕಿಸಿದ್ದು, ಅದೂ ದುರಸ್ತಿಯ ಶಾಸನವೇ.

ಇದರ ಅರ್ಥವನ್ನು ನಾವು ನಿಧಾನವಾಗಿ ಗ್ರಹಿಸಬೇಕು. ಸಾಮ್ರಾಜ್ಯವು ಉಚ್ಛ್ರಾಯದಲ್ಲಿದ್ದಾಗಲೇ ಅದರ ಅತ್ಯಂತ ಭವ್ಯವಾದ ನಾಲೆಯೊಂದು ಹತ್ತು ವರ್ಷದೊಳಗಾಗಿ ಕೆಟ್ಟು ನಿಂತಿತು. ಮುಂದಿನ ಅರಸರು ಅದನ್ನು ಮುಚ್ಚಿಡಲಿಲ್ಲ. ದುರಸ್ತಿಯೂ ಶಾಸನಕ್ಕೆ ಯೋಗ್ಯವಾದ ಕೆಲಸವೆಂದು ಭಾವಿಸಿ, ಕಟ್ಟಿಸಿದವನ ಹೆಸರಿನ ಕೆಳಗೆ ಸರಿಪಡಿಸಿದವನ ಹೆಸರನ್ನೂ ಅದೇ ಗೋಡೆಯ ಮೇಲೆ ಕೊರೆಸಿದರು.

ಫ್ರಾಂಟಿನಸ್ಸನ ಆಡಳಿತ

ಆಗಸ್ಟಸ್ಸನ ಆಪ್ತನಾದ ಅಗ್ರಿಪ್ಪನು ನಾಲೆಗಳನ್ನು ನೋಡಿಕೊಳ್ಳಲು 240 ಜನರ ತಂಡವೊಂದನ್ನು ಇಟ್ಟಿದ್ದನು. ಅವನು ಸತ್ತ ಮೇಲೆ, ಕ್ರಿ.ಪೂ. 11ರಲ್ಲಿ, ಸೆನೆಟ್ ಸಭೆಯು ನೀರಿನ ಆಡಳಿತವನ್ನು ಖಾಯಂ ಸರ್ಕಾರಿ ಹುದ್ದೆಯಾಗಿ ಸ್ಥಾಪಿಸಿತು. ಕ್ಲಾಡಿಯಸ್ ಇನ್ನೂ 460 ಜನರನ್ನು ಸೇರಿಸಿದನು. ಹೀಗೆ ಏಳುನೂರು ಮಂದಿ: ಮೇಲ್ವಿಚಾರಕರು, ತೊಟ್ಟಿ ಕಾಯುವವರು, ನಾಲೆಯ ಉದ್ದಕ್ಕೂ ತಿರುಗಿ ನೋಡುವವರು, ಕಲ್ಲು ಹಾಸುವವರು, ಗಾರೆಯವರು. ಇವರೆಲ್ಲರೂ ಗುಲಾಮರಾಗಿದ್ದರೆಂಬುದನ್ನು ಮರೆಯುವಂತಿಲ್ಲ. ಶಾಸನಗಳಲ್ಲಿ ಅರಸರ ಹೆಸರಿದೆ. ಕತ್ತಲೆಯ ನಾಲೆಗಳಿಗೆ ಇಳಿದು ಹೂಳೆತ್ತಿದವರ ಹೆಸರಿಲ್ಲ.

ಕ್ರಿ.ಶ. 97ರಲ್ಲಿ ನೆರ್ವ ಚಕ್ರವರ್ತಿಯು ಈ ಹುದ್ದೆಗೆ ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್ ಎಂಬಾತನನ್ನು ನೇಮಿಸಿದನು. ಹಿಂದೆ ಬ್ರಿಟನ್ನಿನ ರಾಜ್ಯಪಾಲನಾಗಿದ್ದ ಹಿರಿಯ ಅವನು. ತನ್ನ ಕೆಲಸವನ್ನು ತಾನೇ ತಿಳಿಯದೆ ಕೈಕೆಳಗಿನವರ ಮಾತಿನಂತೆ ನಡೆಯುವುದು ಅಧಿಕಾರಿಗೆ ತಕ್ಕುದಲ್ಲವೆಂದು ಬಗೆದು, ಒಂದೊಂದು ನಾಲೆಯನ್ನೂ ಪರಿಶೀಲಿಸಿ, ನಕ್ಷೆಗಳನ್ನು ಮಾಡಿಸಿ, ತಿಳಿದುದನ್ನೆಲ್ಲ ಒಂದು ಪುಸ್ತಕವಾಗಿ ಬರೆದಿಟ್ಟನು. ಕಡತದಲ್ಲಿ ಬರೆದಿದ್ದ ನೀರಿಗಿಂತ ಮೂಲದಲ್ಲಿ ಹರಿಯುತ್ತಿದ್ದ ನೀರು ಬಹಳ ಹೆಚ್ಚಾಗಿದ್ದುದು ಅಳತೆಯಿಂದ ಕಂಡುಬಂದಿತು. ಹೆಚ್ಚಿನ ನೀರು ಎಲ್ಲಿ ಹೋಗುತ್ತಿತ್ತು? ಬೀದಿಗಳ ಹಾಸುಗಲ್ಲಿನಡಿ ಕಳ್ಳಕೊಳವೆಗಳು ಹರಡಿದ್ದವು. ನೀರಿನ ಕೆಲಸಗಾರರೇ ಹಣ ಪಡೆದು ನಾಲೆಗೆ ರಂಧ್ರ ಕೊರೆದುಕೊಡುತ್ತಿದ್ದರು. ಅವನು ಅವುಗಳನ್ನು ಕೀಳಿಸಿದನು. ನೀರಿನ ವೇಗವನ್ನು ಲೆಕ್ಕಕ್ಕೆ ಹಿಡಿಯುವ ಗಣಿತ ಅವನಲ್ಲಿರಲಿಲ್ಲವಾದ್ದರಿಂದ ಅವನ ಅಳತೆಯಲ್ಲಿ ಕುಂದುಂಟು. ಆದರೂ ಅಳೆದು ನೋಡಬೇಕೆಂಬ ಅವನ ಹಟವೇ ದೊಡ್ಡದು.

ಅವನು ದಾಖಲಿಸಿದ ನಿಯಮಗಳನ್ನು ಇಂದಿನ ನೀರು ಸರಬರಾಜು ಇಲಾಖೆಯವರು ಓದಿದರೆ ತಮ್ಮವೇ ಎಂದುಕೊಂಡಾರು. ಪ್ರತಿಯೊಬ್ಬ ಖಾಸಗಿ ಬಳಕೆದಾರನ ಕೊಳವೆಯ ಬಾಯಿಗೂ ಮುದ್ರೆಯೊತ್ತಿದ ಕಂಚಿನ ಮೂತಿಯಿರಬೇಕು; ಕಂಚು ಸೀಸದಂತೆ ಬಗ್ಗುವುದಿಲ್ಲವಾದ್ದರಿಂದ ಅದನ್ನು ಹಿಗ್ಗಿಸಿ ಹೆಚ್ಚು ನೀರು ಪಡೆಯುವುದು ಕಷ್ಟ. ನಗರದ ಹೊರಗೆ ನಾಲೆಯ ಎರಡೂ ಬದಿಗೆ ಹದಿನೈದು ಅಡಿ ನೆಲವನ್ನು ತೆರವಾಗಿ ಬಿಡಬೇಕು. ಅಲ್ಲಿ ಕಟ್ಟಡ ಕಟ್ಟಬಾರದು, ಮರ ನೆಡಬಾರದು. ಸಾರ್ವಜನಿಕ ಕಾರಂಜಿಗಳಲ್ಲಿ ಹಗಲಿರುಳೂ ನೀರು ಹರಿಯುತ್ತಿರಬೇಕು. ನೀರು ನಿಲ್ಲಿಸಿ ಮಾಡುವ ದುರಸ್ತಿಯನ್ನು ಬೇಸಗೆಯಲ್ಲಿ ಮಾಡದೆ ವಸಂತದಲ್ಲೋ ಶರತ್ಕಾಲದಲ್ಲೋ ಇಟ್ಟುಕೊಳ್ಳಬೇಕು. ಬೇಕಾದ ಸಾಮಗ್ರಿಯನ್ನೆಲ್ಲ ಮೊದಲೇ ಸಿದ್ಧಪಡಿಸಿರಬೇಕು. ಒಮ್ಮೆಗೆ ಒಂದೇ ನಾಲೆಯನ್ನು ನಿಲ್ಲಿಸಬೇಕು.

ಮರೆವು ಮತ್ತು ಮರುಹುಟ್ಟು

ಕ್ರಿ.ಶ. 537ರಲ್ಲಿ ಗಾಥರು ನಗರವನ್ನು ಮುತ್ತಿದಾಗ ನಾಲೆಗಳನ್ನು ಕಡಿದುಹಾಕಿದರು. ಕೆಲವನ್ನು ಆಮೇಲೆ ಸರಿಪಡಿಸಿದರೂ ಕಾಯುವ ಕ್ರಮವು ಮತ್ತೆ ಹಿಂದಿನಂತೆ ಕೂಡಿಬರಲಿಲ್ಲ. ನೀಮ್ ನಗರದ ನಾಲೆಗೆ ಶತ್ರುವೂ ಬೇಕಾಗಲಿಲ್ಲ. ನೀರಿನಲ್ಲಿದ್ದ ಸುಣ್ಣವು ಪದರ ಪದರವಾಗಿ ಗೋಡೆಗೆ ಕಟ್ಟಿ, ತೆಗೆಯುವವರಿಲ್ಲದೆ, ನಾಲೆಯೇ ಇಕ್ಕಟ್ಟಾಯಿತು. ಅದರ ಸೇತುವೆ ಇಂದು ನಿಂತಿದೆ, ನೀರು ಮಾತ್ರ ಇಲ್ಲ. ಇದಕ್ಕೆ ವಿರುದ್ಧವಾಗಿ, ಕ್ರಿ.ಪೂ. 19ರಲ್ಲಿ ಅಗ್ರಿಪ್ಪನು ತಂದ ವರ್ಗೊ ನಾಲೆಯನ್ನು ಐದನೆಯ ನಿಕೋಲಸ್ ಪೋಪರು 1453ರಲ್ಲಿ ಜೀರ್ಣೋದ್ಧಾರ ಮಾಡಿಸಿದರು. ರೋಮ್‌ನ ಲೋಕಪ್ರಸಿದ್ಧವಾದ ಟ್ರೇವಿ ಕಾರಂಜಿಗೆ ಇಂದಿಗೂ ಆ ನಾಲೆಯ ಹೆಸರಿನ ನೀರೇ ಬರುತ್ತಿದೆ.

ಫ್ರಾಂಟಿನಸ್ಸನ ಪುಸ್ತಕವೂ ಹೀಗೆಯೇ ಕೈತಪ್ಪುವುದರಲ್ಲಿತ್ತು. ಮಾಂಟೆ ಕಸಿನೊ ಎಂಬಲ್ಲಿಯ ಕ್ರೈಸ್ತ ಸಂನ್ಯಾಸಿಗಳ ಮಠದಲ್ಲಿ ಅದರ ಹಸ್ತಪ್ರತಿ ಉಳಿದಿದ್ದು, 1429ರಲ್ಲಿ ಪೊಜ್ಜೊ ಬ್ರಾಚೊಲಿನಿ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಹಳೆಯ ಓಲೆಗಳನ್ನು ಕಾಪಾಡುವವರ ಉಪಕಾರವನ್ನು ಇಲ್ಲಿ ನೆನೆಯಬೇಕು.

ಆಧುನಿಕ ನಗರಗಳು ಬೆಳೆದಾಗ ಇಂಜಿನಿಯರರು ಮತ್ತೆ ರೋಮ್‌ನತ್ತ ತಿರುಗಿದರು. 1842ರಲ್ಲಿ ನ್ಯೂಯಾರ್ಕ್ ನಗರಕ್ಕೆ ನೀರು ತಂದ ಕ್ರೋಟನ್ ನಾಲೆಯು ಸುಮಾರು 66 ಕಿಲೋಮೀಟರ್ ಉದ್ದದ ಇಟ್ಟಿಗೆ ಕಲ್ಲುಗಳ ಕಟ್ಟಡ. ರೋಮನ್ ರೀತಿಯಲ್ಲಿಯೇ ಇಳಿಜಾರಿನ ಬಲದಿಂದ ಹರಿಯುವಂಥದು. ಹಾರ್ಲೆಮ್ ನದಿಯನ್ನು ಅದು ಕಮಾನುಗಳ ಎತ್ತರದ ಸೇತುವೆಯ ಮೇಲೆ ದಾಟುತ್ತಿತ್ತು. ಫ್ರಾನ್ಸಿನ ಮಾರ್ಸೇ ನಗರಕ್ಕಾಗಿ 1847ರಲ್ಲಿ ಮುಗಿದ ರೋಕ್‌ಫವೂರ್ ಮೇಲ್ಗಾಲುವೆಗೆ ಗಾರ್ ನದಿಯ ಸೇತುವೆಯೇ ಮಾದರಿಯಾಯಿತು.

ಇಂದಿಗೂ ಸಲ್ಲುವ ಪಾಠ

ರೂಪವನ್ನು ಅನುಸರಿಸುವುದು ಸುಲಭ, ಕ್ರಮವನ್ನು ಅನುಸರಿಸುವುದು ಕಷ್ಟ. ಅದೇ ನ್ಯೂಯಾರ್ಕ್ ನಗರಕ್ಕೆ 1917ರಲ್ಲಿ ಒಂದು, 1936ರಲ್ಲಿ ಇನ್ನೊಂದು ಜಲಸುರಂಗ ಬಂದವು. ಆದರೆ ಎರಡರಲ್ಲಿ ಯಾವುದನ್ನು ನಿಲ್ಲಿಸಿದರೂ ನಗರಕ್ಕೆ ನೀರು ಸಾಲದು. ಆದ್ದರಿಂದ ಒಳಗಿಳಿದು ಪರೀಕ್ಷಿಸುವಂತೆಯೇ ಇರಲಿಲ್ಲ. ಹಳೆಯ ಸುರಂಗಗಳಿಗೆ ಬಿಡುವು ಕೊಡುವುದಕ್ಕಾಗಿ 1970ರಲ್ಲಿ ಮೂರನೆಯ ಸುರಂಗವನ್ನು ತೋಡಲು ಆರಂಭಿಸಿದರು. ಅದರ ಮ್ಯಾನ್‌ಹಟನ್ ಭಾಗಕ್ಕೆ ನೀರು ಹರಿದದ್ದು 2013ರಲ್ಲಿ. ಒಮ್ಮೆಗೆ ಒಂದೇ ನಾಲೆಯನ್ನು ನಿಲ್ಲಿಸಬೇಕೆಂಬ ಫ್ರಾಂಟಿನಸ್ಸನ ಮಾತನ್ನು ನಡೆಸಿಕೊಡಲು ಒಂದು ಮಹಾನಗರಕ್ಕೆ ಹಿಡಿದ ಕಾಲವಿದು.

ಮಾತನ್ನು ಮರೆತರೆ ಆಗುವುದೇನೆಂಬುದಕ್ಕೆ ಇಟಲಿಯೇ ನಿದರ್ಶನ. ಜಿನೋವಾ ನಗರದಲ್ಲಿ 1967ರಲ್ಲಿ ಸಂಚಾರಕ್ಕೆ ತೆರೆದ ಹೆದ್ದಾರಿ ಸೇತುವೆಯೊಂದು 2018ರ ಆಗಸ್ಟ್ 14ರಂದು ಮುರಿದು ಬಿದ್ದು 43 ಜನರು ಸತ್ತರು. ಕಾಂಕ್ರೀಟಿನ ಒಳಗೆ ಹುದುಗಿದ್ದ ಉಕ್ಕಿನ ಹೊರಜಿಗಳು ತುಕ್ಕು ತಿಂದಿದ್ದವೆಂದು ತಜ್ಞರು ಕಂಡರು. ಎರಡು ಸಾವಿರ ವರ್ಷಗಳ ಕಮಾನುಗಳು ನಿಂತಿರುವ ನಾಡಿನಲ್ಲಿ ಐವತ್ತೊಂದು ವರ್ಷದ ಸೇತುವೆ ಬಿದ್ದಿತು. ತುಕ್ಕು ಒಂದು ದಿನದಲ್ಲಿ ಹಿಡಿಯುವುದಲ್ಲ. ಅದನ್ನು ಸಕಾಲದಲ್ಲಿ ಕಂಡು ನಿವಾರಿಸುವುದೇ ಕಾಯುವ ಕೆಲಸ.

ಕಟ್ಟುವುದಕ್ಕೆ ಒಂದು ಸಲದ ಉತ್ಸಾಹ ಸಾಕು. ಕಾಯುವುದಕ್ಕೆ ತಲೆಮಾರುಗಳ ಶ್ರದ್ಧೆ ಬೇಕು. ಕಾಣುವ ಕಟ್ಟಡಕ್ಕೆ ಹಣ ಕೊಡುವವರು ಎಲ್ಲ ಕಾಲದಲ್ಲಿಯೂ ಉಂಟು; ಅದರ ಮಾಳಿಗೆ ಸೋರದಂತೆ, ಬಾವಿ ಹೂಳದಂತೆ, ಪುಸ್ತಕಗಳಿಗೆ ಗೆದ್ದಲು ಹತ್ತದಂತೆ ವರ್ಷವರ್ಷವೂ ನೋಡಿಕೊಳ್ಳಲು ಕೊಡುವವರು ವಿರಳ. ಅಂತಹವರ ಕೊಡುಗೆಯೂ ಶಿಲೆಯ ಮೇಲೆ ಬರೆಯಿಸಲು ಅರ್ಹವೆಂಬುದನ್ನು ಪೋರ್ತಾ ಮಜ್ಜೋರೆಯ ಕೆಳಗಿನ ಎರಡು ಶಾಸನಗಳು ಹೇಳುತ್ತಿವೆ. ನಮ್ಮ ಮಕ್ಕಳಿಗೆ ರೋಮ್‌ನ ಕಮಾನಿನ ಚಿತ್ರವನ್ನು ತೋರಿಸುವಾಗ ಆ ಶಾಸನಗಳ ಕಥೆಯನ್ನೂ ಹೇಳಿದರೆ ಪಾಠವು ಪೂರ್ಣವಾಗುವುದು.