ಕೀಬೋರ್ಡ್ ಬರೆಯುವ ಚೀಟಿ

ಮಕ್ಕಳೇ, ಕಿತ್ತೂರು ಉತ್ಸವದಲ್ಲೋ ನಿಮ್ಮೂರ ಜಾತ್ರೆಯಲ್ಲೋ ಆರ್ಕೆಸ್ಟ್ರಾ ನೋಡಿದ್ದೀರಾ? ವೇದಿಕೆಯ ಒಂದು ಬದಿಯಲ್ಲಿ ಕೀಬೋರ್ಡ್ ಇರುತ್ತದೆ. ಅದರ ಒಂದು ಗುಂಡಿ ಒತ್ತಿದರೆ ಕೊಳಲಿನ ದನಿ, ಇನ್ನೊಂದು ಒತ್ತಿದರೆ ಪಿಟೀಲಿನ ದನಿ. ಊದುವವರಿಲ್ಲ, ಕಮಾನು ಎಳೆಯುವವರೂ ಇಲ್ಲ. ಹಾಗಾದರೆ ಆ ಪೆಟ್ಟಿಗೆಯೊಳಗೆ ನಡೆಯುವುದೇನು?

ಅದನ್ನು ತಿಳಿಯಲು ಮೊದಲು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗೋಣ. ಅಲ್ಲಿ ಜೋಗತಿಯರ ಕೈಯಲ್ಲಿ ಚೌಡಿಕೆ ಇರುತ್ತದೆ. ಡಬ್ಬಿಯಂಥ ಭಾಗದ ಒಂದು ಬದಿಗೆ ಚರ್ಮ ಬಿಗಿದಿರುತ್ತಾರೆ. ಚರ್ಮದಿಂದ ಹೊರಟ ಒಂದೇ ಒಂದು ತಂತಿ ಹಿಡಿಕೆಯವರೆಗೆ ಹೋಗುತ್ತದೆ. ತಂತಿ ಮೀಟಿದಾಗ ಅದು ಕಂಪಿಸುತ್ತದೆ. ಅದರೊಂದಿಗೆ ಚರ್ಮವೂ ಡಬ್ಬಿಯೊಳಗಿನ ಗಾಳಿಯೂ ಕಂಪಿಸುತ್ತವೆ. ಬಿಗಿ ಹೆಚ್ಚಿದರೆ ಕಂಪನ ಬೇಗಬೇಗನೆ ಆಗಿ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಗೆ ಆವೃತ್ತಿ ಎಂದು ಹೆಸರು. ಅದನ್ನು ಹರ್ಟ್ಜ್‌ಗಳಲ್ಲಿ ಅಳೆಯುತ್ತಾರೆ.

ತಂತಿಯೇ ಇಲ್ಲದೆ ಕಂಪನ ಹುಟ್ಟಿಸಬಹುದೇ? ಬಹುದು. ವಿದ್ಯುತ್ ಮಂಡಲವೊಂದರಲ್ಲಿ ವಿದ್ಯುತ್ತು ಸೆಕೆಂಡಿಗೆ 240 ಸಲ ಏರಿಳಿಯುವಂತೆ ಮಾಡಿ ಸ್ಪೀಕರಿಗೆ ಕೊಟ್ಟರೆ, ಸ್ಪೀಕರಿನ ಶಂಕುವೂ ಸೆಕೆಂಡಿಗೆ 240 ಸಲ ಹಿಂದೆ ಮುಂದೆ ಅಲುಗುತ್ತದೆ. ನಮ್ಮ ಕಿವಿಗೆ ಒಂದು ಸ್ವರ ಕೇಳಿಸುತ್ತದೆ. ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ್ದು ಇಂಥ ಮಂಡಲಗಳಿಂದಲೇ. ಅದೇ ವರ್ಷ ಚೆನ್ನೈನ ಸಂಗೀತ ಅಕಾಡೆಮಿಯ ಸಮ್ಮೇಳನದಲ್ಲಿ ಅದನ್ನು ತೋರಿಸಲಾಯಿತು. ಮೊದಲ ಮಾದರಿಗಳು ದೊಡ್ಡವು, ಭಾರವಾದವು. ಆದರೂ ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ ಅದು ಎಂಥ ಅನುಕೂಲ, ಯೋಚಿಸಿ!

ಅದೇ ಕಾಲಕ್ಕೆ ಜಪಾನ್ ಮತ್ತು ಅಮೆರಿಕದ ಕಂಪನಿಗಳು ಸಿಂಥೆಸೈಜರ್ ಎಂಬ ವಿದ್ಯುನ್ಮಾನ ವಾದ್ಯಗಳನ್ನು ತಯಾರಿಸುತ್ತಿದ್ದವು. ಅಲ್ಲೊಂದು ತೊಡಕಿತ್ತು. ಒಂದು ಕಂಪನಿಯ ಟ್ರ್ಯಾಕ್ಟರಿನ ಬಿಡಿಭಾಗ ಇನ್ನೊಂದಕ್ಕೆ ಕೂಡುವುದಿಲ್ಲವಲ್ಲ, ಹಾಗೆಯೇ ಒಂದು ಕಂಪನಿಯ ವಾದ್ಯದ ಸಂಕೇತ ಇನ್ನೊಂದು ಕಂಪನಿಯ ವಾದ್ಯಕ್ಕೆ ತಿಳಿಯುತ್ತಿರಲಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೋ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಎಲ್ಲ ವಾದ್ಯಗಳಿಗೂ ಒಂದೇ ಭಾಷೆ ಇರಲೆಂದು ಶ್ರಮಿಸಿದರು. 1983ರ ಜನವರಿಯಲ್ಲಿ ಅಮೆರಿಕದ ಮೇಳವೊಂದರಲ್ಲಿ ಈ ಇಬ್ಬರ ಕಂಪನಿಗಳ ವಾದ್ಯಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಆ ಭಾಷೆಯೇ ಮಿಡಿ. ಈ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಬೇರೊಂದು ಸಂಗತಿ. ಮಿಡಿಯನ್ನು ಬಳಸಲು ಯಾರೂ ಯಾರಿಗೂ ಹಣ ಕೊಡಬೇಕಾಗಿರಲಿಲ್ಲ. ಆದ್ದರಿಂದಲೇ ಅದು ಬೇಗ ಹರಡಿತು.

ಮಿಡಿ ಕೇಬಲ್ಲಿನಲ್ಲಿ ಹಾಡು ಹರಿಯುತ್ತದೆ ಎಂದು ನೀವು ಊಹಿಸಿರಬಹುದು. ಅದರಲ್ಲಿ ಒಂದಿಷ್ಟೂ ಸದ್ದಿರುವುದಿಲ್ಲ! ಗುರುಗಳು ಪಕ್ಕದ ತರಗತಿಗೆ ಚೀಟಿ ಬರೆದು ಕಳಿಸುತ್ತಾರಲ್ಲ, ಅಂಥ ಚೀಟಿಗಳಷ್ಟೇ ಹೋಗುತ್ತವೆ. ಕೀ ಒತ್ತಿದ ಕೂಡಲೇ ಕೀಬೋರ್ಡ್ ಬರೆಯುವ ಚೀಟಿ ಹೀಗಿರುತ್ತದೆ:

144, 60, 100

144 ಅಂದರೆ ‘ಒಂದನೆಯ ಸಾಲಿನ ವಾದ್ಯವೇ, ಸ್ವರ ಆರಂಭಿಸು’. 60 ಅಂದರೆ ಯಾವ ಸ್ವರ ಎಂಬುದು. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. 440 ಹರ್ಟ್ಜ್‌ನ ಸ್ವರಕ್ಕೆ 69. ಕೊನೆಯ 100 ಎಷ್ಟು ಬಲವಾಗಿ ಒತ್ತಿದರು ಎಂಬುದು. ಅದನ್ನು ಅಳೆಯುವ ಉಪಾಯ ಸೊಗಸಾಗಿದೆ. ಅನೇಕ ಕೀಬೋರ್ಡ್‌ಗಳಲ್ಲಿ ಪ್ರತಿ ಕೀಯ ಕೆಳಗೆ ಎರಡು ಸ್ವಿಚ್ಚುಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು, ಆಮೇಲೆ ಇನ್ನೊಂದು ತಾಗುತ್ತದೆ. ನಡುವಿನ ಸಮಯ ಕಡಿಮೆಯಾದಷ್ಟೂ ಒತ್ತಿದ್ದು ಜೋರು. ಬೆರಳು ತೆಗೆದಾಗ ‘ನಿಲ್ಲಿಸು’ ಎಂಬ ಇನ್ನೊಂದು ಚೀಟಿ ಹೋಗುತ್ತದೆ.

ನಿಮ್ಮಲ್ಲಿ ರಾಮದುರ್ಗ, ಸುರೇಬಾನ ಕಡೆಯ ನೇಕಾರರ ಮನೆಯವರು ಇದ್ದೀರಿ. ಜಕಾರ್ಡ್ ಜೋಡಿಸಿದ ಮಗ್ಗ ನೋಡಿದ್ದರೆ, ಅದರ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳನ್ನೂ ನೋಡಿರುತ್ತೀರಿ. ಯಾವ ಎಳೆ ಮೇಲೇಳಬೇಕೆಂದು ತೂತುಗಳು ತಿಳಿಸುತ್ತವೆ. ರಟ್ಟಿನಲ್ಲಿ ನೂಲೂ ಇಲ್ಲ, ಬಣ್ಣವೂ ಇಲ್ಲ. ಕೆಂಪು ನೂಲು ಹಾಕಿದರೆ ಕೆಂಪು ಚಿತ್ತಾರ, ಹಸಿರು ಹಾಕಿದರೆ ಹಸಿರು. ಮಿಡಿ ಚೀಟಿಯೂ ಹಾಗೆಯೇ. ಅದೇ ಚೀಟಿಗೆ ಕೊಳಲಿನ ದನಿಯನ್ನೂ ಕೊಡಬಹುದು, ಪಿಟೀಲಿನ ದನಿಯನ್ನೂ ಕೊಡಬಹುದು.

ಚೀಟಿ ಚಿಕ್ಕದಾದ್ದರಿಂದ ಬೇಗ ತಲುಪುತ್ತದೆ. ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಅದನ್ನು ಬರೆಯುತ್ತಾರೆ. ಒಂದು ಚೀಟಿಗೆ 30 ಗುರುತುಗಳು. ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಗುರುತುಗಳು ಸಾಗುತ್ತವೆ. ಹಾಗಾದರೆ ಸೆಕೆಂಡಿಗೆ ಎಷ್ಟು ಚೀಟಿ? ಭಾಗಿಸಿ ನೋಡಿ. ಸಾವಿರಕ್ಕೂ ಹೆಚ್ಚು! ಇನ್ನು ಜಾಗದ ಲೆಕ್ಕ. ಮೂರು ನಿಮಿಷದ ಹಾಡನ್ನು ಸಿ.ಡಿ.ಯಲ್ಲಿ ಮುದ್ರಿಸಲು 3 ಕೋಟಿಗೂ ಹೆಚ್ಚು ಬೈಟ್‌ಗಳು ಬೇಕು. ಸಾವಿರ ಸ್ವರಗಳ ಹಾಡಿನ ಚೀಟಿಗಳಿಗೆ, ಸಮಯದ ಗುರುತನ್ನೂ ಸೇರಿಸಿ, ಹತ್ತು ಸಾವಿರ ಬೈಟ್‌ಗಳ ಆಸುಪಾಸು ಸಾಕು. ಹಳೆಯ ಕೀಪ್ಯಾಡ್ ಮೊಬೈಲುಗಳಲ್ಲಿ ಅನೇಕ ರಿಂಗ್‌ಟೋನ್‌ಗಳು ಮಿಡಿ ಚೀಟಿಗಳೇ ಆಗಿದ್ದವು.

ಆದರೆ ಈ ಚೀಟಿಯಲ್ಲಿ ಹಿಡಿಯದ್ದೂ ಇದೆ. ಮತ್ತೆ ಚೌಡಿಕೆಯನ್ನು ನೆನೆಯಿರಿ. ಅದರ ಸ್ವರ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತದೆ. 64 ಮತ್ತು 65ರ ನಡುವೆ ಅದಕ್ಕೆ ಲೆಕ್ಕವಿಲ್ಲದಷ್ಟು ತಾಣಗಳಿವೆ. ಮಿಡಿಯಲ್ಲಿ 64 ಆದಮೇಲೆ 65, ಅಷ್ಟೇ. ಈ ದೂರು ಹೊಸದಲ್ಲ. ಭಜನೆಯಲ್ಲಿ ನೀವು ಕೇಳುವ ಪೇಟಿಯ ಮೇಲೂ ಇದೇ ದೂರಿತ್ತು. ಪೇಟಿಯಲ್ಲಿ ಸ್ವರ ಜಾರಿಸಲು ಬರುವುದಿಲ್ಲ ಎಂಬುದು ಆಕ್ಷೇಪಣೆಗಳಲ್ಲಿ ಒಂದು. 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. 1971ರಲ್ಲಷ್ಟೇ ಆ ನಿಷೇಧ ಸಡಿಲವಾಯಿತು.

ಮಿಡಿ ರೂಪಿಸಿದವರು ಇದಕ್ಕೊಂದು ದಾರಿ ಇಟ್ಟಿದ್ದರು. ಅನೇಕ ಕೀಬೋರ್ಡ್‌ಗಳ ಎಡಬದಿಯಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ. ಅದನ್ನು ತಿರುಗಿಸಿದರೆ ನುಡಿಯುತ್ತಿರುವ ಸ್ವರ ಮೇಲೆ ಕೆಳಗೆ ಜಾರುತ್ತದೆ. ಈ ಜಾರಿಕೆಯ ಚೀಟಿಯಲ್ಲಿ 16,384 ಹಂತಗಳಿಗೆ ಅವಕಾಶವಿದೆ. ಒಂದು ಸಾಲಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಯುತ್ತಿದ್ದರೆ ಅಷ್ಟೂ ಒಟ್ಟಿಗೆ ಜಾರುತ್ತವೆ ಎಂಬುದೊಂದು ಕೊರತೆ. ಒಂಟಿ ತಂತಿಯ ಚೌಡಿಕೆಗೆ ಆ ತೊಂದರೆಯಿಲ್ಲ! ಆದರೂ ಚೌಡಿಕೆಯ ಪದಗಳನ್ನು ಉಳಿಸಬೇಕೆಂದರೆ ಕೀಬೋರ್ಡ್ ಚೀಟಿಯನ್ನೇ ನಂಬಿ ಕೂರಬಾರದು. ಚರ್ಮದ ಗುಂಯ್‌ಗಾಟ, ಹಾಡುವವರ ಉಸಿರು ಯಾವುದೂ ಅದರಲ್ಲಿಲ್ಲ. ಧ್ವನಿಮುದ್ರಣ ಬೇಕೇ ಬೇಕು.

ಮಾಡಿ ನೋಡಿ: ಸ ರಿ ಗ ಮ ಪ ದ ನಿ ಸ – ಇವಕ್ಕೆ 60, 62, 64, 65, 67, 69, 71, 72 ಎಂದು ಸಂಖ್ಯೆ ಕೊಡಿ. ಒಂದು ಗುಂಪು ಎಂಟು ಸ್ವರಗಳ ಚೀಟಿ ಬರೆಯಲಿ. ಪ್ರತಿ ಸ್ವರದ ಮುಂದೆ ಮೆಲ್ಲಗೆ ಎಂದಾದರೆ 40, ಜೋರು ಎಂದಾದರೆ 100 ಎಂದು ಬರೆಯಲಿ. ಎರಡನೆಯ ಗುಂಪು ಅದನ್ನು ‘ಆ’ ಎಂದು ಹಾಡಲಿ. ಮೂರನೆಯದು ಎಂಟು ಸ್ಟೀಲ್ ಲೋಟಗಳಿಗೆ ಬೇರೆಬೇರೆ ಮಟ್ಟಕ್ಕೆ ನೀರು ತುಂಬಿ, ಸ್ವರ ಹೊಂದಿಸಿಕೊಂಡು, ಚಮಚದಿಂದ ಬಡಿಯಲಿ. ಚೀಟಿ ಒಂದೇ, ದನಿ ಎರಡು. ಈಗ ನಿಮ್ಮ ಅಜ್ಜಿ ಹಾಡುವ ಒಂದು ಪದದ ಮೊದಲ ಸಾಲನ್ನು ಹೀಗೆಯೇ ಬರೆಯಿರಿ. ದನಿ ಜಾರುವ ಕಡೆ ಯಾವ ಸಂಖ್ಯೆಯೂ ಹೊಂದುವುದಿಲ್ಲ. ಅಲ್ಲಿ ಏರುವ ಅಥವಾ ಇಳಿಯುವ ಗೆರೆ ಎಳೆಯಿರಿ. ನಿಧಾನವಾಗಿ ಜಾರಿದರೆ ಉದ್ದ ಗೆರೆ, ಬೇಗ ಜಾರಿದರೆ ಗಿಡ್ಡ ಗೆರೆ. ಆ ಪದ ಕೇಳಿರದ ಗೆಳೆಯರಿಗೆ ಚೀಟಿ ಕೊಟ್ಟು ಹಾಡಿಸಿ. ಅಜ್ಜಿಯನ್ನು ಕೂರಿಸಿಕೊಂಡು ಕೇಳಿಸಿದರೆ, ಎಲ್ಲಿ ತಪ್ಪಿತೆಂದು ಅವರೇ ಹೇಳುತ್ತಾರೆ.